ನನ್ನ ಸ್ಥಾನಕ್ಕೆ ಅಭ್ಯರ್ಥಿಗಳು ಬೇಕಾಗಿದ್ದಾರೆ

ತಾನು ಕುಳಿತಿರುವ ಕುರ್ಚಿಗೆ ಅಭ್ಯರ್ಥಿಗಳು ಬೇಕಾಗಿದ್ದಾರೆಂಬ ಪ್ರಕಟಣೆಯನ್ನು ವೃತ್ತಪತ್ರಿಕೆಯಲ್ಲಿ ತಾನೇ ಓದುವ ಯೋಗವು ಎಲ್ಲರಿಗೂ ಒದಗತಕ್ಕುದಲ್ಲ. ಅಮೆರಿಕದ ಸ್ಯಾನ್ ಹೋಸೆಯ ಸಮೀಪದಲ್ಲಿ, ಪರದೇಶದ ಕುಶಲ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾದ ಮೇಲೆ ತಂತ್ರಾಂಶದ ಕೆಲಸದಲ್ಲಿದ್ದ ನನಗೆ 2001ರಲ್ಲಿ ಅದು ಒದಗಿತು. ಕಾಯಂ ವಾಸದ ಹಕ್ಕನ್ನೀಯುವ ಗ್ರೀನ್ ಕಾರ್ಡ್ ಕೊಡಿಸುವ ಮುನ್ನ, ಆ ಸ್ಥಾನಕ್ಕೆ ಯೋಗ್ಯನಾದ ಸ್ವದೇಶೀಯನು ದೊರೆಯಲಿಲ್ಲವೆಂಬುದನ್ನು ಮಾಲೀಕನು ಅಲ್ಲಿಯ ಕಾರ್ಮಿಕ ಇಲಾಖೆಗೆ ತೋರಿಸಿಕೊಡಬೇಕೆಂಬ ವಿಧಿಯುಂಟು. ಆದಕಾರಣ ನಮ್ಮ ಸಂಸ್ಥೆಯ ವಕೀಲರು ನನ್ನ ಪದವಿ, ನನ್ನ ಅನುಭವ, ನಾನು ಬಲ್ಲ ಎರಡು ಮೂರು ವಿರಳ ವಿದ್ಯೆಗಳು, ಇವಿಷ್ಟನ್ನೂ ಪೋಣಿಸಿ, ನನ್ನ ಮೈಯಳತೆಗೇ ಹೊಲಿದ ಅಂಗಿಯಂತಹ ಜಾಹೀರಾತೊಂದನ್ನು ಅಚ್ಚುಹಾಕಿಸಿದ್ದರು. ವಿನೋದವೆಂದರೆ, ನನ್ನನ್ನು ಮೊದಲು ಕರೆತಂದಾಗ ಸ್ವದೇಶೀಯರನ್ನು ಹುಡುಕಿದಿರಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಎಚ್-1ಬಿಗೆ, ಸಾಮಾನ್ಯ ಸಂಸ್ಥೆಗಳ ಮಟ್ಟಿಗೆ, ವೇತನವನ್ನು ನಮೂದಿಸಿದ ಹಾಳೆಯನ್ನು ಕಚೇರಿಯ ಎರಡು ಎಡೆಗಳಲ್ಲಿ ಹತ್ತು ದಿನ ಅಂಟಿಸಿದರೆ ಸಾಕು. ಹುಡುಕಾಟ ನಡೆಯುವುದು ಪರದೇಶೀಯನು ಕುರ್ಚಿಯಲ್ಲಿ ನೆಲೆಗೊಂಡ ತರುವಾಯ.

ಡಾಟ್-ಕಾಮ್ ಉಬ್ಬರದಲ್ಲಿ ಈ ವೀಸಾಗಳ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೂ, 2000ದ ಶಾಸನದಿಂದ 1,95,000ಕ್ಕೂ ಏರಿಸಿದರು. ಆ ಶಾಸನಕ್ಕೆ ಅಂಕಿತ ಬೀಳುವ ವೇಳೆಗೆ ನ್ಯಾಸ್‌ಡ್ಯಾಕ್ ಸೂಚ್ಯಂಕವು ಶಿಖರದಿಂದ ಜಾರತೊಡಗಿ ಆರು ತಿಂಗಳಿಗೂ ಮಿಕ್ಕಿತ್ತು.

ಜಾಹೀರಾತು ಬಂದ ಮಾಸದಲ್ಲಿಯೇ ನಮ್ಮಲ್ಲಿ ಅನೇಕರು ಕೆಲಸ ಕಳೆದುಕೊಂಡರು. ಡೇಟಾಬೇಸಿನ ಒಳಮರ್ಮಗಳನ್ನು ನನಗೆ ಕಲಿಸಿದ್ದ, ಐವತ್ತು ದಾಟಿದ ಅಮೆರಿಕನ್ ಹಿರಿಯರೊಬ್ಬರೂ ಆ ಪಟ್ಟಿಯಲ್ಲಿದ್ದರು. ರಟ್ಟಿನ ಪೆಟ್ಟಿಗೆಗೆ ಪುಸ್ತಕಗಳನ್ನು ತುಂಬುತ್ತ, ಆ ಪ್ರಕಟಣೆಯನ್ನು ತಾವೂ ಕಂಡುದಾಗಿಯೂ, ಅರ್ಜಿ ಹಾಕಿಬಿಡೋಣವೆನಿಸಿತ್ತೆಂದೂ ನಕ್ಕರು. ನನ್ನ ಮೇಲೆ ಅವರಿಗೆ ಮುನಿಸಿರಲಿಲ್ಲ. "ಶನಿವಾರ ಬಾ ಎಂದರೆ ನೀನು ಬರುತ್ತೀಯೆ, ನಾನು ಬರುವುದಿಲ್ಲ, ವ್ಯತ್ಯಾಸ ಇಷ್ಟೇ" ಎಂದರು.

ಅವರ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಏನೂ ಇರಲಿಲ್ಲ. ನನ್ನ ಸಂಬಳವು ಅವರದಕ್ಕಿಂತ ಬಹಳ ಕಡಮೆಯದೇನಲ್ಲ. ಬೇರೊಬ್ಬ ಮಾಲೀಕನು ಅರ್ಜಿ ಸಲ್ಲಿಸಿದೊಡನೆ ಅಲ್ಲಿಗೆ ಹೋಗಲು 2000ದ ಶಾಸನವೇ ಎಡೆಗೊಟ್ಟಿತ್ತು. ಆದರೆ ಹಾಗೆ ಹೋದವನ ಗ್ರೀನ್ ಕಾರ್ಡಿನ ಕಡತ ಓನಾಮದಿಂದ ಆರಂಭವಾಗಬೇಕು. ಸಂಸ್ಥೆಯೇ ಕೈಬಿಟ್ಟರಂತೂ, ಈಗ ಇರುವ 60 ದಿನಗಳ ಸಾವಕಾಶವು 2017ಕ್ಕೆ ಮೊದಲು ಇರಲಿಲ್ಲವಾಗಿ, ಅಂದಿನಿಂದಲೇ ಅಲ್ಲಿರುವ ಹಕ್ಕಿಗೆ ಚ್ಯುತಿ. ಬಾಡಿಗೆ ಮನೆ, ಸಾಲದ ಕಾರು, ಸನ್ನಿವೇಲಿನಲ್ಲಿ ಶಾಲೆಗೆ ಸೇರಿದ ಮಗು, ಇವನ್ನೆಲ್ಲ ನೆನೆದವನಿಗೆ ಬಡ್ತಿ ಕೇಳಲು ನಾಲಗೆ ಏಳುವುದೆಂತು? ಮಾಲೀಕನಿಗೆ ನಮ್ಮಿಂದ ದೊರೆತ ಲಾಭದಲ್ಲಿ ಈ ಕದಲದಿರುವಿಕೆಯ ಪಾಲೇ ದೊಡ್ಡದೆಂದು ನಾನು ನಂಬುತ್ತೇನೆ. ಆ ಹಿರಿಯರು ಸ್ಪರ್ಧಿಸಬೇಕಾದುದೂ ಅದರೊಡನೆಯೇ. ಮಿತಿಯ ಅಂಕಿ 2003ರ ಅಕ್ಟೋಬರಿನಲ್ಲಿ ಮರಳಿ 65,000ಕ್ಕೆ ಇಳಿದರೂ ಕಟ್ಟು ಸಡಿಲವಾಗಲಿಲ್ಲ.

ಜಾಹೀರಾತಿಗೆ ಅರ್ಜಿಗಳು ರಾಶಿಯಾಗಿ ಬಂದುವು. ಜನರನ್ನು ಮನೆಗೆ ಕಳುಹಿಸಿದ ಸಂಸ್ಥೆಯು ಜನ ಸಿಗಲಿಲ್ಲವೆಂದು ಪ್ರಮಾಣಮಾಡುವುದು ಅಸಾಧ್ಯವೆಂದು ವಕೀಲರು ನನ್ನ ಕಡತವನ್ನು ಕಟ್ಟಿಟ್ಟರು. ಕೆಲವು ಕಾಲದ ಮೇಲೆ ನಾನು ಬೆಂಗಳೂರಿಗೆ ಹಿಂದಿರುಗಿದೆ.

2025ರ ಸೆಪ್ಟೆಂಬರಿನಲ್ಲಿ, ಹೊರಗಿನಿಂದ ಕರೆತರುವವರ ಹೊಸ ಅರ್ಜಿಗಳ ಮೇಲೆ 1,00,000 ಡಾಲರು ಶುಲ್ಕ ವಿಧಿಸಿದಾಗ, ಇದರಿಂದ ಅಲ್ಲಿಯವರಿಗೆ ಕೆಲಸ ಉಳಿಯುವುದೆ ಎಂದು ಬಂಧುವೊಬ್ಬರ ಮಗ ಕೇಳಿದ. ಉಳಿದರೂ ಉಳಿದೀತು, ಆದರೆ ಅಷ್ಟು ಹಣ ತೆತ್ತು ನಿನ್ನನ್ನು ಕರೆಸಿಕೊಂಡ ಮಾಲೀಕನು ಶನಿವಾರದ ಜೊತೆಗೆ ಭಾನುವಾರವನ್ನೂ ಕೇಳದೆ ಬಿಟ್ಟಾನೆಯೆ ಎಂದೆ.