ತೋಳ ಯಾವ ಪಟ್ಟಿಯಲ್ಲಿದೆ? ಯುರೋಪಿನ ಬೇಟೆ ನೀತಿಯ ಮೇಲೊಂದು ಪಾಠ

ಸಮಾಜ ವಿಜ್ಞಾನ ಬೋಧನಾ ಪದ್ಧತಿಯ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದಿದೆ: ಎರಡೂ ಕಡೆ ನ್ಯಾಯವಿರುವ ವಿಷಯವನ್ನು ಮಕ್ಕಳಿಗೆ ಕಲಿಸುವುದು ಹೇಗೆ? ಈ ವರ್ಷ ಅದಕ್ಕೆ ಉಪನ್ಯಾಸದಲ್ಲಿ ಉತ್ತರ ಕೊಡದೆ, ಬೋಧನಾಭ್ಯಾಸದ ಶಾಲೆಯ ಒಂಬತ್ತನೆಯ ತರಗತಿಗೆ ಎರಡು ಅವಧಿಗಳ ಪ್ರಾತ್ಯಕ್ಷಿಕೆ ಪಾಠವನ್ನು ನಾನೇ ಮಾಡಿದೆ. ಯುರೋಪಿನಲ್ಲಿ ತೋಳದ ಬೇಟೆ ಮತ್ತು ಸಂರಕ್ಷಣೆಯನ್ನು ವಿಷಯವಾಗಿ ಆರಿಸಿಕೊಂಡೆ. ಆ ಪಾಠದ ಯೋಜನೆ, ನಡೆದ ರೀತಿ ಮತ್ತು ಬೇರೆ ವಿಷಯಗಳಿಗೂ ಅದನ್ನು ಬಳಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ವಿಷಯದ ಆಯ್ಕೆ

ದೂರದ ಖಂಡದ ವಿಷಯ ಏಕೆ ಎಂದು ಪ್ರಶಿಕ್ಷಣಾರ್ಥಿಗಳು ಕೇಳಿದರು. ಇದಕ್ಕೆ ಎರಡು ಕಾರಣಗಳಿವೆ. ಒಂದು, ವಿವಾದ ದೂರದ್ದಾದರೆ ಮಕ್ಕಳು ಮೊದಲೇ ಪಕ್ಷ ಹಿಡಿದು ಕೂತಿರುವುದಿಲ್ಲ. ಆಧಾರ ನೋಡಿ ಮಾತನಾಡುವ ಅಭ್ಯಾಸ ಅಲ್ಲಿ ಸುಲಭ. ಎರಡು, ತೋಳ ನಮಗೆ ಅಪರಿಚಿತವಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಜೀವಿ ಧಾಮವಿದೆ. ಕುರಿ ಸಾಕುವ ಮನೆಯ ಮಕ್ಕಳು ನಮ್ಮ ತರಗತಿಯಲ್ಲೂ ಇದ್ದರು.

ಒಂದು ತೊಡಕನ್ನು ಮೊದಲೇ ಗುರುತಿಸಿಕೊಂಡಿದ್ದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ಎಂದರೆ ಅಪರಾಧ ಎಂಬುದೇ ಮಕ್ಕಳ ಪೂರ್ವಜ್ಞಾನ. ಯುರೋಪಿನ ಬಹುಪಾಲು ದೇಶಗಳಲ್ಲಿ ಬೇಟೆ ಪರವಾನಗಿ ಪಡೆದು ಮಾಡುವ, ಕಾನೂನುಬದ್ಧ ಚಟುವಟಿಕೆ. ಜರ್ಮನಿಯಲ್ಲಿ ಬೇಟೆಗಾರನಾಗಬೇಕಾದರೆ ಪರೀಕ್ಷೆ ಬರೆದು ತೇರ್ಗಡೆಯಾಗಬೇಕು. ಯಾವ ಪ್ರಾಣಿಯನ್ನು ಯಾವ ತಿಂಗಳಲ್ಲಿ ಹೊಡೆಯಬಹುದು ಎಂಬುದಕ್ಕೆ ನಿಯಮಗಳಿವೆ. ಈ ವ್ಯತ್ಯಾಸವನ್ನು ಪೀಠಿಕೆಯಲ್ಲೇ ಹೇಳದಿದ್ದರೆ ಮುಂದಿನ ಪಾಠವೆಲ್ಲ ಮಕ್ಕಳಿಗೆ ಕಳ್ಳಬೇಟೆಯ ಕಥೆಯಾಗಿ ಕೇಳಿಸುತ್ತದೆ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಒಂದು ಪ್ರಾಣಿಯ ಕಾನೂನಿನ ಸ್ಥಾನ ಮತ್ತು ಅದರ ನಿಜವಾದ ಸ್ಥಿತಿ ಎರಡೂ ಬೇರೆ ಎಂದು ಉದಾಹರಣೆಯೊಂದಿಗೆ ವಿವರಿಸುವರು.
2. ಒಂದೇ ಅಂಕಿ-ಅಂಶವನ್ನು ಇಬ್ಬರು ಬೇರೆ ಬೇರೆಯಾಗಿ ಓದುವುದು ಏಕೆಂದು ಲೆಕ್ಕ ಮಾಡಿ ತೋರಿಸುವರು.
3. ‘ಬೇಟೆ ಸರಿಯೋ ತಪ್ಪೋ’ ಎಂಬ ಪ್ರಶ್ನೆಯನ್ನು ‘ಯಾವ ಷರತ್ತಿನ ಮೇಲೆ’ ಎಂಬ ಪ್ರಶ್ನೆಯಾಗಿ ಬದಲಿಸಿಕೊಳ್ಳುವರು.

ಬೋಧನೋಪಕರಣಗಳು: ಯುರೋಪಿನ ರಾಜಕೀಯ ನಕ್ಷೆ, ಸ್ಪೇನಿನ ನದಿಗಳ ನಕ್ಷೆ, ನಾಲ್ಕು ಪ್ರಕರಣಗಳ ಚೀಟಿಗಳು, ಪ್ರತಿ ವಿದ್ಯಾರ್ಥಿಗೂ ಎರಡು ಖಾಲಿ ಚೀಟಿ.

ಮೊದಲ ಅವಧಿ: ಪಟ್ಟಿ ಮತ್ತು ಲೆಕ್ಕ

ಆರಂಭದಲ್ಲಿ ಎಲ್ಲರೂ ಒಂದು ಚೀಟಿಯಲ್ಲಿ ಉತ್ತರ ಬರೆದರು: ‘ಯುರೋಪಿನಲ್ಲಿ ತೋಳದ ಬೇಟೆಗೆ ಅವಕಾಶ ಕೊಡಬೇಕೇ? ಕಾರಣವೇನು?’ ಚೀಟಿಗಳನ್ನು ಓದದೆ ಪೆಟ್ಟಿಗೆಗೆ ಹಾಕಿದೆ.

ನಂತರ ಹಿನ್ನೆಲೆ ಹೇಳಿದೆ. ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ತೋಳವನ್ನು ಬೇಟೆಯಾಡಿ, ವಿಷವಿಟ್ಟು ಇಲ್ಲವಾಗಿಸಿದ್ದರು. ಮುಖ್ಯವಾಗಿ ಇಟಲಿ, ಸ್ಪೇನ್, ಪೂರ್ವದ ದೇಶಗಳಲ್ಲಿ ಉಳಿದಿತ್ತು. ರಕ್ಷಣೆ ಸಿಕ್ಕ ಮೇಲೆ ಅದು ತಾನಾಗಿಯೇ ಮರಳಿತು. 1992ರಲ್ಲಿ ಇಟಲಿಯ ಕಡೆಯಿಂದ ಫ್ರಾನ್ಸಿನ ಮೆರ್ಕಾಂಟೂರ್ ಪರ್ವತ ಪ್ರದೇಶಕ್ಕೆ ಬಂದದ್ದು ಖಚಿತವಾಯಿತು. 2000ದಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಮರಿ ಹಾಕಿತು. ಯುರೋಪಿಯನ್ ಆಯೋಗದ ವರದಿಯಂತೆ 2012ರಲ್ಲಿ ಒಕ್ಕೂಟದ ದೇಶಗಳಲ್ಲಿ ಸುಮಾರು 11,200 ತೋಳಗಳಿದ್ದವು. 2023ರ ಹೊತ್ತಿಗೆ ಅವು ಸುಮಾರು 20,300 ಆದವು.

ಈ ರಕ್ಷಣೆ ಬಂದದ್ದು ಎರಡು ದಾಖಲೆಗಳಿಂದ. 1979ರ ಬರ್ನ್ ಒಪ್ಪಂದ ಯುರೋಪ್ ಕೌನ್ಸಿಲ್‌ನದು. 1992ರ ಆವಾಸಸ್ಥಾನ ನಿರ್ದೇಶನ ಯುರೋಪಿಯನ್ ಒಕ್ಕೂಟದ್ದು. ಈ ಎರಡು ಸಂಸ್ಥೆಗಳು ಬೇರೆ ಬೇರೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಸ್ಪಷ್ಟ ಮಾಡಿಕೊಂಡೇ ತರಗತಿಗೆ ಹೋಗಬೇಕು. ಒಪ್ಪಂದದಲ್ಲಿ ಅನುಬಂಧ 2 ಕಟ್ಟುನಿಟ್ಟಿನ ರಕ್ಷಣೆಯದು, ಅನುಬಂಧ 3 ಸಾಮಾನ್ಯ ರಕ್ಷಣೆಯದು. ನಿರ್ದೇಶನದಲ್ಲಿ ಅವಕ್ಕೆ ಸರಿಹೊಂದುವ ಪಟ್ಟಿಗಳು ಅನುಬಂಧ 4 ಮತ್ತು 5. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ‘ಕೊಲ್ಲಬಾರದು, ವಿನಾಯಿತಿ ಉಂಟು’ ಎಂದೂ ಬಲಕ್ಕೆ ‘ಕೊಲ್ಲಬಹುದು, ಮಿತಿ ಉಂಟು’ ಎಂದೂ ಬರೆದೆ. ಮಕ್ಕಳಿಗೆ ಇಷ್ಟು ಸಾಕು.

ಮುಂದಿನದು ಲೆಕ್ಕ. ಆಯೋಗದ 2023ರ ವಿಶ್ಲೇಷಣೆಯ ಪ್ರಕಾರ ಒಕ್ಕೂಟದಲ್ಲಿ ತೋಳಗಳು ವರ್ಷಕ್ಕೆ ಕನಿಷ್ಠ 65,500 ಸಾಕುಪ್ರಾಣಿಗಳನ್ನು ಕೊಲ್ಲುತ್ತವೆ. ಅವುಗಳಲ್ಲಿ ಹೆಚ್ಚಿನವು ಕುರಿ, ಮೇಕೆ. ಒಕ್ಕೂಟದಲ್ಲಿ ಸುಮಾರು 6 ಕೋಟಿ ಕುರಿಗಳಿವೆ. ತೋಳಕ್ಕೆ ಬಲಿಯಾಗುವುದು ಶೇಕಡಾ 0.065. ಇದು ಎಷ್ಟು ಕುರಿಗಳಾದವು ಎಂದು ಮಕ್ಕಳು ಲೆಕ್ಕ ಹಾಕಿ 39,000 ಎಂದರು. ಅಂದರೆ 10,000 ಕುರಿಗಳಲ್ಲಿ ಆರೇಳು. ‘ಇಷ್ಟೇನಾ?’ ಎಂದು ಹಿಂದಿನ ಬೆಂಚಿನಿಂದ ಮಾತು ಬಂತು.

ಆಗ ಎರಡನೆಯ ಲೆಕ್ಕ ಕೊಟ್ಟೆ: ಒಬ್ಬರ ಬಳಿ 100 ಕುರಿಗಳಿವೆ, ಒಂದೇ ರಾತ್ರಿ 20 ಸತ್ತವು. ಶೇಕಡಾ ಎಷ್ಟು? 20. ಖಂಡದ ಸರಾಸರಿ ಸುಳ್ಳಲ್ಲ, ಈ ಮನೆಯ ನಷ್ಟವೂ ಸುಳ್ಳಲ್ಲ. ನಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ ಎಂಬುದು ಮಕ್ಕಳಿಗೆ ಇಲ್ಲಿ ತಿಳಿಯಿತು. ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಎದ್ದು ಹೇಳಿದಳು: ‘ಮೇಡಂ, ಸತ್ತಿದ್ದನ್ನ ಲೆಕ್ಕ ಹಾಕ್ತಾರೆ. ಹೆದರಿ ಓಡಿಹೋದವು, ಗಬ್ಬ ಇಳಿದವು, ಅವನ್ನ ಯಾರು ಲೆಕ್ಕ ಹಾಕ್ತಾರೆ?’ ನನ್ನ ಪಾಠ ಯೋಜನೆಯಲ್ಲಿ ಇರದ ಈ ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಅವಧಿ ಮುಗಿಯುವವರೆಗೂ ಅಳಿಸದೆ ಉಳಿಸಿದೆ.

ಎರಡನೆಯ ಅವಧಿ: ನಾಲ್ಕು ಪ್ರಶ್ನೆ, ನಾಲ್ಕು ಪ್ರಕರಣ

ಕಪ್ಪುಹಲಗೆಯ ಮೇಲೆ ನಾಲ್ಕು ಪ್ರಶ್ನೆಗಳನ್ನು ಬರೆದೆ:
1. ಕೊಲ್ಲುವ ನಿರ್ಧಾರ ಯಾರದು?
2. ಯಾವ ಕಾರಣಕ್ಕೆ?
3. ಬೇರೆ ದಾರಿ ನೋಡಿದ್ದಾರೆಯೇ?
4. ಕೊಂದ ಮೇಲೂ ಆ ಪ್ರಾಣಿ ಆ ನಾಡಿನಲ್ಲಿ ಉಳಿಯುತ್ತದೆಯೇ?

ಇವು ನಾನು ಕಟ್ಟಿದ ಪ್ರಶ್ನೆಗಳಲ್ಲ. ಆವಾಸಸ್ಥಾನ ನಿರ್ದೇಶನದ 16ನೆಯ ವಿಧಿಯ ತಿರುಳನ್ನೇ ಮಕ್ಕಳ ಮಾತಿಗೆ ಇಳಿಸಿದ್ದೇನೆ. ಕಟ್ಟುನಿಟ್ಟಿನ ರಕ್ಷಣೆಯಿರುವ ಪ್ರಾಣಿಯನ್ನು ಕೊಲ್ಲಲು ವಿನಾಯಿತಿ ಬೇಕಾದರೆ ತೃಪ್ತಿಕರವಾದ ಬೇರೆ ದಾರಿ ಇರಬಾರದು, ಪ್ರಾಣಿಯ ಸಂರಕ್ಷಣಾ ಸ್ಥಿತಿಗೆ ಧಕ್ಕೆಯಾಗಬಾರದು ಮತ್ತು ವಿಧಿಯಲ್ಲಿ ಹೇಳಿದ ಕಾರಣಗಳಲ್ಲಿ ಒಂದಾದರೂ ಇರಬೇಕು. ಜಾನುವಾರುಗಳಿಗೆ ಗಂಭೀರ ಹಾನಿ ತಡೆಯುವುದು ಅಂಥ ಒಂದು ಕಾರಣ.

ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದು ಪ್ರಕರಣದ ಚೀಟಿ ಕೊಟ್ಟೆ.

ಮೊದಲ ಗುಂಪು, ಜಿನೀವಾ. ಸ್ವಿಟ್ಜರ್ಲೆಂಡಿನ ಈ ಪ್ರಾಂತ 1974ರಲ್ಲಿ ಜನಮತ ಪಡೆದು ಹವ್ಯಾಸಿ ಬೇಟೆಯನ್ನು ನಿಷೇಧಿಸಿತು. ಇದು ತೋಳದ ಪ್ರಕರಣವಲ್ಲ, ಕಾಡುಹಂದಿಯದು, ಹೋಲಿಕೆಗಾಗಿ ಸೇರಿಸಿದ್ದೆ. ಬೆಳೆ ಹಾಳು ಮಾಡುವ ಕಾಡುಹಂದಿಗಳನ್ನು ಅಲ್ಲಿ ಈಗಲೂ ಕೊಲ್ಲುತ್ತಾರೆ, ಆದರೆ ಸರ್ಕಾರಿ ಸಂಬಳದ ವನ್ಯಜೀವಿ ರಕ್ಷಕರು ಆ ಕೆಲಸ ಮಾಡುತ್ತಾರೆ. ನಿಷೇಧದಿಂದ ಕೊಲ್ಲುವುದು ನಿಲ್ಲಲಿಲ್ಲ, ಕೊಲ್ಲುವವರು ಬದಲಾದರು ಎಂದು ಗುಂಪು ವರದಿ ಮಾಡಿತು. ಮೊದಲ ಪ್ರಶ್ನೆಯ ಮಹತ್ವ ತಿಳಿಯಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯ ಗುಂಪು, ಫಿನ್ಲೆಂಡ್. 2015ರ ಕೊನೆಯಲ್ಲಿ ಅಲ್ಲಿನ ವನ್ಯಜೀವಿ ಸಂಸ್ಥೆ ಕೆಲವು ತೋಳಗಳ ಬೇಟೆಗೆ ಪರವಾನಗಿ ಕೊಟ್ಟಿತು. ಊರಿನವರಿಗೆ ಕಾನೂನಿನ ದಾರಿಯಲ್ಲಿ ಸ್ವಲ್ಪ ಬೇಟೆಗೆ ಅವಕಾಶವಿದ್ದರೆ ಕಳ್ಳಬೇಟೆ ಕಡಿಮೆಯಾಗುತ್ತದೆ ಎಂಬುದು ಅದರ ವಾದ. ಟಾಪಿಯೋಲಾ ಎಂಬ ಸಂಘ ಇದನ್ನು ಪ್ರಶ್ನಿಸಿತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 10ರಂದು ತೀರ್ಪು ನೀಡಿತು. ಕಳ್ಳಬೇಟೆ ತಡೆಯುವ ಉದ್ದೇಶವನ್ನು ಅದು ತಳ್ಳಿಹಾಕಲಿಲ್ಲ. ಬೇಟೆಯಿಂದ ಆ ಉದ್ದೇಶ ಈಡೇರುತ್ತದೆ ಎಂಬುದನ್ನು ವೈಜ್ಞಾನಿಕ ಆಧಾರದಿಂದ ತೋರಿಸಬೇಕು, ಬೇರೆ ದಾರಿ ಇಲ್ಲ ಎಂಬುದನ್ನೂ ತೋರಿಸಬೇಕು ಎಂದಿತು. ‘ಒಳ್ಳೆ ಕಾರಣ ಹೇಳಿದ್ರೆ ಸಾಲದು, ಸಾಬೀತು ಮಾಡ್ಬೇಕು’ ಎಂದು ಗುಂಪಿನ ನಾಯಕ ಸಾರಾಂಶ ಹೇಳಿದ.

ಮೂರನೆಯ ಗುಂಪು, ಸ್ಪೇನ್. ಇವರಿಗೆ ನದಿಗಳ ನಕ್ಷೆ ಕೊಟ್ಟಿದ್ದೆ. ದುಯೆರೋ ನದಿಯ ದಕ್ಷಿಣದ ತೋಳಗಳು ಅನುಬಂಧ 4ರಲ್ಲಿ, ಉತ್ತರದವು 5ರಲ್ಲಿ ಇದ್ದವು. ತೋಳಕ್ಕೆ ನದಿ ದಾಟಿದರೆ ಕಾನೂನು ಬದಲಾಗುತ್ತದೆ ಎಂಬುದು ಮಕ್ಕಳಿಗೆ ಬಹಳ ತಮಾಷೆಯಾಗಿ ಕಂಡಿತು. ಕಾಸ್ಟಿಯಾ-ಲಿಯೋನ್ ಪ್ರಾಂತ ಉತ್ತರದ ತೋಳವನ್ನು ಬೇಟೆಯ ಪ್ರಾಣಿ ಎಂದು ಘೋಷಿಸಿತ್ತು. ಆದರೆ ಸ್ಪೇನ್ ತಾನೇ ಒಕ್ಕೂಟಕ್ಕೆ ಕಳಿಸಿದ ವರದಿಯಲ್ಲಿ ತೋಳದ ಸಂರಕ್ಷಣಾ ಸ್ಥಿತಿ ಪ್ರತಿಕೂಲವಾಗಿದೆ ಎಂದಿತ್ತು. 2024ರ ಜುಲೈ 29ರಂದು ನ್ಯಾಯಾಲಯ ಹೇಳಿತು: ದೇಶದ ಮಟ್ಟದಲ್ಲಿ ಸ್ಥಿತಿ ಪ್ರತಿಕೂಲವಾಗಿರುವಾಗ, ಅನುಬಂಧ 5ರಲ್ಲಿದ್ದ ಮಾತ್ರಕ್ಕೆ ಒಂದು ಭಾಗದಲ್ಲಿ ಬೇಟೆಗೆ ಬಿಡುವಂತಿಲ್ಲ. ಪಟ್ಟಿ ಮತ್ತು ಸ್ಥಿತಿ ಬೇರೆ ಬೇರೆ ಎಂಬ ಮೊದಲ ಉದ್ದೇಶ ಈ ಗುಂಪಿನಿಂದ ಈಡೇರಿತು.

ನಾಲ್ಕನೆಯ ಗುಂಪು, ಆಲ್ಪ್ಸ್‌ನ ಕುರಿಗಾಹಿಗಳು. ತೋಳವಿಲ್ಲದ ಹಲವು ದಶಕಗಳಲ್ಲಿ ಬೇಸಿಗೆಯ ಎತ್ತರದ ಹುಲ್ಲುಗಾವಲಿಗೆ ಕುರಿಗಳನ್ನು ಕಾವಲಿಲ್ಲದೆ ಬಿಡುವ ರೂಢಿ ಹಲವೆಡೆ ಬೆಳೆಯಿತು. ಈಗ ವಿದ್ಯುತ್ ಬೇಲಿ, ಕಾವಲು ನಾಯಿ, ರಾತ್ರಿ ದೊಡ್ಡಿ ಬೇಕು ಎನ್ನುತ್ತಾರೆ. ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಬೇಲಿ ಹಾಕುವುದು ಕಷ್ಟ; ಕುರಿ ಕಾಯಲು ಆಳು ಇಟ್ಟರೆ ಖರ್ಚು. ‘ಬೇರೆ ದಾರಿ ಇದೆ’ ಎಂದು ಕಾಗದದಲ್ಲಿ ಬರೆಯುವುದಕ್ಕೂ ಆ ದಾರಿಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದಕ್ಕೂ ಇರುವ ಅಂತರವನ್ನು ಈ ಗುಂಪು ಎತ್ತಿ ತೋರಿಸಿತು. ಹಿಂದಿನ ದಿನ ಪ್ರಶ್ನೆ ಕೇಳಿದ ಹುಡುಗಿ ಇದೇ ಗುಂಪಿನಲ್ಲಿದ್ದಳು. ತಮ್ಮ ಹಿರಿಯರು ಕುರಿಯ ಜೊತೆಗೇ ಅಡವಿಯಲ್ಲಿ ಮಲಗುತ್ತಾರೆ ಎಂದು ಆಕೆ ಹೇಳಿದಾಗ ತರಗತಿಗೆ ಕಾವಲಿನ ಬೆಲೆ ಅರ್ಥವಾಯಿತು.

ಕೊನೆಯಲ್ಲಿ ಇತ್ತೀಚಿನ ಬದಲಾವಣೆ ಹೇಳಿದೆ. 2024ರ ಡಿಸೆಂಬರಿನಲ್ಲಿ ಬರ್ನ್ ಒಪ್ಪಂದದ ಸ್ಥಾಯಿ ಸಮಿತಿ ತೋಳವನ್ನು ಅನುಬಂಧ 2ರಿಂದ 3ಕ್ಕೆ ಇಳಿಸಿತು; ಇದು 2025ರ ಮಾರ್ಚ್ 7ರಂದು ಜಾರಿಗೆ ಬಂತು. ಮೇ ತಿಂಗಳಲ್ಲಿ ಯುರೋಪಿಯನ್ ಸಂಸತ್ತು, ಜೂನ್‌ನಲ್ಲಿ ಸದಸ್ಯ ರಾಷ್ಟ್ರಗಳ ಮಂಡಳಿ ಒಪ್ಪಿ, ನಿರ್ದೇಶನದಲ್ಲೂ ತೋಳ 4ರಿಂದ 5ಕ್ಕೆ ಹೋಯಿತು. ದೇಶಗಳು ಬಯಸಿದರೆ ಹೆಚ್ಚಿನ ರಕ್ಷಣೆಯನ್ನು ಮುಂದುವರಿಸಬಹುದು. ಅನುಕೂಲಕರ ಸಂರಕ್ಷಣಾ ಸ್ಥಿತಿಯನ್ನು ಸಾಧಿಸಿ ಉಳಿಸಿಕೊಳ್ಳುವ ಹೊಣೆ ಮಾತ್ರ ಎಲ್ಲರ ಮೇಲೂ ಇದೆ. ಕಪ್ಪುಹಲಗೆಯಲ್ಲಿ ತೋಳದ ಹೆಸರನ್ನು ಎಡದಿಂದ ಬಲಕ್ಕೆ ಸರಿಸಿ, ನಾಲ್ಕು ಪ್ರಶ್ನೆಗಳಲ್ಲಿ ಯಾವುದನ್ನು ಅಳಿಸಬಹುದು ಎಂದು ಕೇಳಿದೆ. ಮೂರನೆಯದು ಸಡಿಲವಾಯಿತು, ನಾಲ್ಕನೆಯದನ್ನು ಅಳಿಸುವಂತಿಲ್ಲ ಎಂದು ಸ್ಪೇನ್ ಗುಂಪು ಉತ್ತರಿಸಿತು.

ನಮ್ಮ ಕಾಯ್ದೆಯೊಂದಿಗೆ ಹೋಲಿಕೆ

ಐದು ನಿಮಿಷವನ್ನು ಇದಕ್ಕೆ ಇಟ್ಟುಕೊಂಡಿದ್ದೆ. ನಮ್ಮಲ್ಲಿ ತೋಳ ಮೊದಲ ಅನುಸೂಚಿಯಲ್ಲಿದೆ. 1972ರ ಕಾಯ್ದೆಯ 11ನೆಯ ಪ್ರಕರಣದಂತೆ ಅಂಥ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದಾಗ, ಇಲ್ಲವೇ ಗುಣವಾಗದಷ್ಟು ಗಾಯ ಅಥವಾ ರೋಗಕ್ಕೆ ತುತ್ತಾದಾಗ ಮಾತ್ರ ಮುಖ್ಯ ವನ್ಯಜೀವಿ ಪಾಲಕರು ಕಾರಣ ಬರೆದು ಕೊಲ್ಲಲು ಅನುಮತಿ ಕೊಡಬಹುದು. ಹಿಡಿಯಲು, ಅರಿವಳಿಕೆ ಕೊಡಲು, ಸ್ಥಳಾಂತರಿಸಲು ಆಗದು ಎಂಬುದು ಅವರಿಗೆ ಮನವರಿಕೆಯಾಗಿರಬೇಕು. ಕುರಿ ಸತ್ತದ್ದು ಇಲ್ಲಿ ಕೊಲ್ಲಲು ಕಾರಣವಾಗದು, ಯುರೋಪಿನಲ್ಲಿ ಆಗಬಹುದು. ಎರಡೂ ಕಡೆ ‘ಯಾರು, ಯಾವ ಕಾರಣಕ್ಕೆ, ಬೇರೆ ದಾರಿ ಇತ್ತೇ’ ಎಂದು ಕಾನೂನು ಕೇಳುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು.

ಮೌಲ್ಯಮಾಪನ

ಎರಡನೆಯ ಚೀಟಿಯಲ್ಲಿ ಮೊದಲಿನ ಪ್ರಶ್ನೆಗೇ ಮತ್ತೆ ಉತ್ತರ ಬರೆಸಿದೆ. ವೀಕ್ಷಕರಾಗಿದ್ದ ಪ್ರಶಿಕ್ಷಣಾರ್ಥಿಗಳು ಎರಡೂ ಚೀಟಿಗಳನ್ನು ಜೋಡಿಸಿ ಓದಿದರು. ‘ಕೊಡಬೇಕು’ ಎಂದವರು ಮತ್ತು ‘ಬೇಡ’ ಎಂದವರು ಬಹುಮಟ್ಟಿಗೆ ತಮ್ಮ ನಿಲುವಿನಲ್ಲೇ ಇದ್ದರು. ಬದಲಾದದ್ದು ಕಾರಣದ ಭಾಗ. ಮೊದಲ ಚೀಟಿಗಳಲ್ಲಿ ‘ಪಾಪ’, ‘ಕ್ರೂರ ಪ್ರಾಣಿ’ ಎಂಬ ಪದಗಳಿದ್ದವು. ಎರಡನೆಯದರಲ್ಲಿ ‘ಆದರೆ’, ‘ಮೊದಲು ಬೇಲಿಗೆ ಹಣ ಕೊಟ್ಟು’, ‘ಎಣಿಸಿದ ಮೇಲೆ’ ಎಂಬ ಮಾತುಗಳು ಬಂದವು. ಅಂಕ ಕೊಡುವಾಗ ನಿಲುವನ್ನು ಬಿಟ್ಟು ಷರತ್ತು ಮತ್ತು ಆಧಾರವನ್ನು ಮಾತ್ರ ನೋಡಬೇಕೆಂದು ಅವರಿಗೆ ಸೂಚಿಸಿದ್ದೆ.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಸರಾಸರಿಯ ಅಂಕಿ ಕೊಟ್ಟ ಬೆನ್ನಿಗೇ ಒಂದು ಮನೆಯ ಲೆಕ್ಕವನ್ನೂ ಕೊಡಿ. ಒಂದನ್ನೇ ಕೊಟ್ಟರೆ ಗೊತ್ತಿಲ್ಲದೆ ಪಕ್ಷ ಹಿಡಿದಂತಾಗುತ್ತದೆ.

ಪಾತ್ರಾಭಿನಯಕ್ಕಿಂತ ಪ್ರಕರಣದ ಚೀಟಿ ಈ ವಿಷಯಕ್ಕೆ ಹೊಂದುತ್ತದೆ ಎಂಬುದು ನನ್ನ ಅನುಭವ. ಬೇಟೆಗಾರನ ಪಾತ್ರ ಸಿಕ್ಕ ಹುಡುಗ ಖಳನಾಯಕನಾಗಿ ಅಭಿನಯಿಸತೊಡಗುತ್ತಾನೆ. ಚೀಟಿ ಸಿಕ್ಕವನು ಓದಬೇಕಾಗುತ್ತದೆ.

ಶಿಕ್ಷಕರ ಅಭಿಪ್ರಾಯದ ಪ್ರಶ್ನೆ ಇಲ್ಲೂ ಬಂತು. ‘ಮೇಡಂ, ನೀವೇನಂತೀರಿ?’ ಎಂದು ಕೇಳಿದವನಿಗೆ ಎರಡನೆಯ ಚೀಟಿ ಕೈ ಸೇರಿದ ಮೇಲೆ ಉತ್ತರಿಸಿದೆ: ತೋಳದ ಸ್ಥಿತಿ ಗಟ್ಟಿಯಾಗಿರುವ ಕಡೆ, ಕಾವಲಿನ ವ್ಯವಸ್ಥೆ ಮಾಡಿಯೂ ಮತ್ತೆ ಮತ್ತೆ ಹಟ್ಟಿಗೆ ನುಗ್ಗುವ ತೋಳವನ್ನು ಕೊಲ್ಲಲು ಅವಕಾಶವಿರಬಹುದು; ಆದರೆ ಕಾವಲಿಗೆ ಹಣ ಕೊಡದ ಸರ್ಕಾರ ಕುರಿಗಾಹಿಗೆ ಕೋವಿ ಕೊಟ್ಟು ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅಭಿಪ್ರಾಯ ಮುಚ್ಚಿಡಬೇಕಿಲ್ಲ, ಮಕ್ಕಳು ತಮ್ಮದನ್ನು ಬರೆದು ಮುಗಿಸುವವರೆಗೆ ಕಾಯಬೇಕು, ಮತ್ತು ನಮ್ಮ ಮಾತಿಗೂ ಅದೇ ನಾಲ್ಕು ಪ್ರಶ್ನೆ ಹಾಕಲು ಅವರಿಗೆ ಬಿಡಬೇಕು. ಒಬ್ಬ ಹಾಕಿದ: ‘ಎಷ್ಟಿದ್ರೆ ಗಟ್ಟಿ ಅಂತ ಯಾರು ಹೇಳ್ತಾರೆ ಮೇಡಂ?’

ಆ ಪ್ರಶ್ನೆಯನ್ನೇ ಮನೆಗೆಲಸವಾಗಿ ಕೊಟ್ಟೆ. ಮುಂದಿನ ಸುತ್ತಿನ ಬೋಧನಾಭ್ಯಾಸದಲ್ಲಿ ಇಬ್ಬರು ಪ್ರಶಿಕ್ಷಣಾರ್ಥಿಗಳು ಇದೇ ನಾಲ್ಕು ಪ್ರಶ್ನೆಗಳನ್ನು ಆನೆ ಮತ್ತು ಕಾಡಂಚಿನ ಬೆಳೆಯ ವಿಷಯಕ್ಕೆ ಬಳಸಿ ಪಾಠ ಯೋಜನೆ ಸಿದ್ಧಪಡಿಸುತ್ತಿದ್ದಾರೆ.