ನಾಯಿಮರಿಯ ಮೊದಲ ಹದಿನಾಲ್ಕು ವಾರಗಳು

ಜೀವಶಾಸ್ತ್ರದ ತರಗತಿ ಮುಗಿದ ಮೇಲೆ ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಪಠ್ಯಪುಸ್ತಕದ ಹೊರಗಿನವು. ಡಿಸೆಂಬರ್ ಬಂತೆಂದರೆ ಒಂದು ಪ್ರಶ್ನೆ ಖಾಯಂ: "ಸರ್, ತೋಟಕ್ಕೆ ನಾಯಿಮರಿ ತಂದಿದ್ದೇವೆ, ಹೇಗೆ ಪಳಗಿಸುವುದು?" ನಮ್ಮ ಊರುನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಚಳಿಗಾಲದಲ್ಲಿ. ಹಾಗಾಗಿ ಈ ಪ್ರಶ್ನೆಗೂ ಒಂದು ಋತು ಇದೆ.

ನಮ್ಮಲ್ಲಿ ಅನೇಕರು ನಾಯಿಯನ್ನು ಮನೆಯೊಳಗೆ ಸೇರಿಸುವುದಿಲ್ಲ; ತೋಟ, ಕೋಳಿಗೂಡು, ಕೊಟ್ಟಿಗೆ ಕಾಯಲು ಹೊರಗೆ ಸಾಕುತ್ತಾರೆ. ಅದರಲ್ಲಿ ತೊಂದರೆಯೇನೂ ಇಲ್ಲ. ತೊಂದರೆ ಇರುವುದು ಅದರ ಜೊತೆ ಅಂಟಿಕೊಂಡು ಬಂದಿರುವ ಒಂದು ನಂಬಿಕೆಯಲ್ಲಿ. ಮರಿಯನ್ನು ಬಂದ ದಿನವೇ ಕಟ್ಟಿಹಾಕಬೇಕು, ಯಾರಿಗೂ ಮುಟ್ಟಲು ಬಿಡಬಾರದು, ಆಗಲೇ ಅದು ಜೋರಾಗಿ ಬೆಳೆದು ಒಳ್ಳೆಯ ಕಾವಲುನಾಯಿ ಆಗುತ್ತದೆ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರಬಹುದು. ಹೀಗೆ ಬೆಳೆದ ನಾಯಿಯಲ್ಲಿ ಇರುವುದು ಧೈರ್ಯವಲ್ಲ, ಹೆದರಿಕೆ. ಕಳ್ಳ ಯಾರು, ಬೆಳಿಗ್ಗೆ ಮದ್ರಸಕ್ಕೆ ಓಡುವ ಮಗು ಯಾರು ಎಂಬ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಸರಪಳಿ ಕಳಚಿದ ದಿನ ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಆ ಮಗುವೇ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1965ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅದಕ್ಕೂ ಮೊದಲು, 1961ರಲ್ಲಿ, ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಅಲ್ಲಿ ನಡೆಸಿದ ಒಂದು ಪ್ರಯೋಗದ ವರದಿ ಬಂದಿತ್ತು. ಮರಿಗಳನ್ನು ತಾಯಿಯೊಂದಿಗೆ ಎತ್ತರದ ಬೇಲಿಯೊಳಗೆ ಬಿಟ್ಟು, ಮನುಷ್ಯರ ಮುಖವೇ ಕಾಣದಂತೆ ಬೆಳೆಸಿದರು. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರದಲ್ಲಿ ಹೊರತಂದು ಒಂದು ವಾರ ಮಾತ್ರ ಜನರೊಂದಿಗೆ ಆಡಲು ಬಿಟ್ಟರು. ಒಂದು ಗುಂಪಿಗೆ ಹದಿನಾಲ್ಕು ವಾರಗಳವರೆಗೂ ಆ ಅವಕಾಶ ಸಿಗಲಿಲ್ಲ. ಮಧ್ಯದ ವಾರಗಳಲ್ಲಿ ಹೊರಬಂದ ಮರಿಗಳು ಬೇಗ ಹೊಂದಿಕೊಂಡವು. ಕೊನೆಯ ಗುಂಪಿನವು ಹೆಚ್ಚುಕಡಿಮೆ ಕಾಡುಪ್ರಾಣಿಗಳಂತೆ ವರ್ತಿಸಿದವು. ಬದಲಾಗಿದ್ದು ಮನುಷ್ಯರ ಒಡನಾಟ ಸಿಕ್ಕ ಸಮಯ ಮಾತ್ರ.

ಮರಿಯ ಕಣ್ಣು ತೆರೆಯುವುದು ಸುಮಾರು ಎರಡು ವಾರಕ್ಕೆ, ಕಿವಿ ಕೇಳಿಸತೊಡಗುವುದು ಮೂರನೇ ವಾರದ ಹೊತ್ತಿಗೆ. ಅಲ್ಲಿಂದ ಹನ್ನೆರಡು ಹದಿನಾಲ್ಕು ವಾರಗಳವರೆಗೆ ಅದರ ಮಿದುಳು ಯಾವುದು ಮಾಮೂಲು, ಯಾವುದು ಅಪಾಯ ಎಂದು ವಿಂಗಡಿಸುತ್ತಿರುತ್ತದೆ. ಈ ಅವಧಿಯಲ್ಲಿ ಕಂಡು ಕೇಳಿ ಒಗ್ಗಿಹೋದದ್ದು ಸಾಧಾರಣವಾಗಿ ಮಾಮೂಲಿನ ಪಟ್ಟಿಗೆ ಸೇರುತ್ತದೆ. ಆಮೇಲೆ ಎದುರಾಗುವ ಹೊಸದೆಲ್ಲ ಸಂಶಯದ ವಸ್ತು. ಕಿಟಕಿ ಒಮ್ಮೆಲೇ ಮುಚ್ಚುವುದಿಲ್ಲ, ಆದರೆ ಮುಚ್ಚಿದ ಮೇಲೆ ತೆರೆಯಲು ಪಡುವ ಕಷ್ಟ ಬಹಳ.

ಹಾಗೆಂದು ಕಣ್ಣು ಬಿಟ್ಟ ಕೂಡಲೇ ತಾಯಿಯಿಂದ ಕಿತ್ತು ತರಬೇಡಿ. ಎಂಟು ವಾರ ತುಂಬದ ಮರಿಯ ಮಾರಾಟವನ್ನು 2017ರ ಕೇಂದ್ರ ಸರ್ಕಾರದ ನಿಯಮಗಳೇ ನಿಷೇಧಿಸಿವೆ. ಒಡಹುಟ್ಟಿದ ಮರಿಗಳೊಂದಿಗೆ ಕಚ್ಚಾಡುವಾಗ ಒಂದು ಕಿರುಚಿದರೆ ಇನ್ನೊಂದು ಹಿಡಿತ ಸಡಿಲಿಸುತ್ತದೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಈ ಪಾಠವನ್ನು ನಾವು ಅಷ್ಟು ಚೆನ್ನಾಗಿ ಕಲಿಸಲಾರೆವು.

ಇಲ್ಲಿ ನಿಜವಾದ ಇಕ್ಕಟ್ಟು ಒಂದಿದೆ. ಪಾರ್ವೊ ವೈರಸ್ ಮರಿಗಳನ್ನು ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಇದರ ಲಸಿಕೆ ಆರು-ಎಂಟು ವಾರಕ್ಕೆ ಆರಂಭವಾಗಿ, ಕೆಲವು ವಾರಗಳ ಅಂತರದಲ್ಲಿ ಹದಿನಾರು ವಾರಗಳವರೆಗೆ ಮುಂದುವರಿಯುತ್ತದೆ. ತಾಯಿಹಾಲಿನಿಂದ ಬಂದ ಪ್ರತಿಕಾಯಗಳು ಮೊದಮೊದಲು ಲಸಿಕೆಯನ್ನೇ ತಡೆಯುವುದರಿಂದ ಒಂದು ಡೋಸ್ ಸಾಲುವುದಿಲ್ಲ. (ರೋಗನಿರೋಧಕತೆಯ ಪಾಠದಲ್ಲಿ ಓದಿದ ನಿಷ್ಕ್ರಿಯ ಪ್ರತಿರಕ್ಷೆ ಇದೇ.) ಲಸಿಕೆ ಮುಗಿಯುವವರೆಗೆ ಮರಿಯನ್ನು ಮುಚ್ಚಿಟ್ಟರೆ ಕಲಿಯುವ ಕಾಲ ದಾಟಿಹೋಗುತ್ತದೆ, ಬೀದಿಗೆ ಬಿಟ್ಟರೆ ರೋಗ. ನಾನು ಹೇಳುವ ದಾರಿ ಸರಳ: ಮೊದಲ ಡೋಸ್ ಆಗಿ ಒಂದು ವಾರದ ನಂತರ ಮರಿಯನ್ನು ಎತ್ತಿಕೊಂಡು ಹೋಗಿ, ನೆಲಕ್ಕೆ ಬಿಡಬೇಡಿ. ಬುಟ್ಟಿಯಲ್ಲಿಟ್ಟು ಗೇಟಿನ ಬಳಿ ಕುಳಿತರೂ ಸಾಕು. ಬಸ್ಸು, ಕೊಡೆ, ಬುರ್ಖಾ, ಹೆಲ್ಮೆಟ್, ಗಡ್ಡ, ಊರುಗೋಲು, ಕೂಗಾಡುವ ಮಕ್ಕಳು, ಹುಲ್ಲು ಕತ್ತರಿಸುವ ಯಂತ್ರ, ಧ್ವನಿವರ್ಧಕ, ದೂರದ ಪಟಾಕಿ, ಎಲ್ಲವನ್ನೂ ಅದು ನೋಡಲಿ, ಕೇಳಲಿ. ಹತ್ತಿರದಲ್ಲಿ ಲಸಿಕೆಯಾದ, ಸೌಮ್ಯವಾದ ದೊಡ್ಡ ನಾಯಿ ಇದ್ದರೆ ಅದರ ಪರಿಚಯ ಮಾಡಿಸಿ. ಮರಿ ಬಾಲ ಮಡಚಿ ಹಿಂದೆ ಸರಿದರೆ ಬಲವಂತ ಬೇಡ. ನಾಲ್ಕು ಹೆಜ್ಜೆ ದೂರ ಹೋಗಿ, ಒಂದು ತುಣುಕು ತಿಂಡಿ ಕೊಟ್ಟು ಕಾಯಿರಿ. ಪಾವ್ಲೊವ್ ಅವರ ನಾಯಿಗಳು ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ್ದನ್ನು ಕಾಲು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೀರಲ್ಲ, ಇದೂ ಅದೇ ಶಾಸ್ತ್ರೀಯ ಅನುಬಂಧನ. ಹೆದರಿಕೆ ಹುಟ್ಟಿಸಬಹುದಾದ ಸದ್ದಿನ ಪಕ್ಕದಲ್ಲಿ ತಿಂಡಿ ಕೂರುತ್ತದೆ, ಅಷ್ಟೆ.

ಉಳಿದ ಕಲಿಕೆ ಥಾರ್ನ್‌ಡೈಕ್ ಮತ್ತು ಸ್ಕಿನ್ನರ್ ಹೇಳಿದಂತೆ: ಫಲ ಸಿಕ್ಕಿದ ವರ್ತನೆ ಮರುಕಳಿಸುತ್ತದೆ. ನಿದ್ದೆಯಿಂದ ಎದ್ದಾಗ, ತಿಂದ ಮೇಲೆ, ಆಟ ಮುಗಿದಾಗ ಮರಿಯನ್ನು ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮೂತ್ರ ಮಾಡಿದ ಕ್ಷಣದಲ್ಲೇ ಮೆಚ್ಚುಗೆ, ತಿಂಡಿ. ಒಂದೆರಡು ಸೆಕೆಂಡು ತಡವಾದರೆ ಬಹುಮಾನ ಯಾವುದಕ್ಕೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಜಗಲಿಯಲ್ಲಿ ಗಲೀಜು ಮಾಡಿದ್ದಕ್ಕೆ ಹತ್ತು ನಿಮಿಷದ ನಂತರ ಮೂತಿ ಒರೆಸಿ ಹೊಡೆಯುವವರಿದ್ದಾರೆ. ಅದರಿಂದ ಮರಿ ಕಲಿಯುವುದು ಒಂದೇ, ಈ ಮನುಷ್ಯನ ಕೈ ಒಳ್ಳೆಯದಲ್ಲ ಎಂದು.

ಮರಿಗೆ 28 ಹಾಲುಹಲ್ಲುಗಳು, ಸೂಜಿಯಂಥವು. ಕೈ ಕಚ್ಚಿದರೆ ಆಟ ನಿಲ್ಲಿಸಿ ಎದ್ದುಹೋಗಿ. ಕಚ್ಚಲು ಹಳೆಯ ಬಟ್ಟೆಯ ಗಂಟೋ ತೆಂಗಿನ ಹಗ್ಗವೋ ಇರಲಿ, ತುಂಡು ನುಂಗದಂತೆ ಕಣ್ಣಿಡಿ. ಊಟದ ತಟ್ಟೆಯ ಬಳಿ ಹೋದಾಗಲೆಲ್ಲ ಕಿತ್ತುಕೊಳ್ಳುವ ಬದಲು ಒಂದು ತುಣುಕು ಸೇರಿಸಿ. ಆಗ ತಟ್ಟೆಯ ಹತ್ತಿರ ಬರುವ ಕೈಯನ್ನು ನೋಡಿ ಅದು ಗುರುಗುಟ್ಟುವುದಿಲ್ಲ. ಪಾದ, ಕಿವಿ, ಬಾಯಿಯನ್ನು ದಿನವೂ ಮುಟ್ಟಿ ನೋಡಿ, ಮುಂದೆ ಪಶುವೈದ್ಯರ ಕೆಲಸ ಹಗುರವಾಗುತ್ತದೆ. ಒಂಟಿಯಾಗಿರುವುದನ್ನೂ ಐದು ನಿಮಿಷ, ಹತ್ತು ನಿಮಿಷ ಎಂದು ಕ್ರಮೇಣ ಕಲಿಸಿ.

ಈಗ ರೇಬೀಸ್ ವಿಷಯ. ಮರಿ ಚಿಕ್ಕದು, ಅದಕ್ಕೆಲ್ಲಿಯ ರೇಬೀಸ್ ಎನ್ನುವುದು ತಪ್ಪು. ಹುಚ್ಚುನಾಯಿ ಕಚ್ಚಿದ ಮರಿಗೂ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಬೀದಿಯಿಂದ ತಂದ ಮರಿ ಆಟದಲ್ಲೇ ಕಚ್ಚಿ ರಕ್ತ ಬಂದರೂ, ಹಲ್ಲು ತಾಗಿ ಚರ್ಮ ತರಚಿದರೂ, ಹರಿಯುವ ನೀರು ಮತ್ತು ಸಾಬೂನಿನಿಂದ ಪೂರ್ತಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಡುವ ಮಕ್ಕಳನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಮರಿಗೆ ಮೂರು ತಿಂಗಳು ತುಂಬುತ್ತಲೇ ಸಮೀಪದ ಪಶು ಚಿಕಿತ್ಸಾಲಯದಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಡೋಸ್‌ನ ದಿನಾಂಕವನ್ನು ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ.