ಅಕ್ಷಹೃದಯ: ದುರ್ಬಲ ಎದುರಾಳಿಯೂ ಜೂಜಿನ ಗಣಿತವೂ

ಪುಷ್ಕರನೊಡನೆ ಜೂಜಾಡಿ ರಾಜ್ಯಕೋಶಗಳನ್ನೆಲ್ಲ ಕಳೆದುಕೊಂಡ ನಳಮಹಾರಾಜನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಆರಾಧಿಸಿದ ಕನಕದಾಸರು ಈ ಕಥೆಯನ್ನೇ ‘ನಳಚರಿತ್ರೆ’ಯೆಂಬ ಕಾವ್ಯವಾಗಿಸಿದರು. ಮಹಾಭಾರತದ ವನಪರ್ವದಲ್ಲಿ ಈ ಕಥೆಗೆ ಕುತೂಹಲಕರವಾದ ಒಂದು ತಿರುವಿದೆ. ಋತುಪರ್ಣರಾಜನು ದಾರಿಯಲ್ಲಿ ಕಂಡ ತಾರೆಯ ಮರದ ಎಲೆಗಳ ಮತ್ತು ಹಣ್ಣುಗಳ ಸಂಖ್ಯೆಯನ್ನು ನೋಟಮಾತ್ರದಿಂದಲೇ ಹೇಳುತ್ತಾನೆ. ಅವನಿಂದ ‘ಅಕ್ಷಹೃದಯ’ವೆಂಬ ವಿದ್ಯೆಯನ್ನು ಕಲಿತ ನಳನು ಮರಳಿ ಆಡಿ ರಾಜ್ಯವನ್ನು ಗೆಲ್ಲುತ್ತಾನೆ. ಎಣಿಕೆಯ ವಿದ್ಯೆಗೂ ಜೂಜಿಗೂ ನಂಟುಂಟೆಂಬುದನ್ನು ನಮ್ಮ ಪ್ರಾಚೀನರು ಅರಿತಿದ್ದರೆಂದು ಇದರಿಂದ ತಿಳಿಯುತ್ತದೆ.

ಜೂಜಿನ ಮೇಜು ಈಚೆಗೆ ಅಂಗೈಯಗಲದ ಮೊಬೈಲಿನೊಳಗೆ ಬಂದು ಕುಳಿತಿತು. “ಹತ್ತಿಪ್ಪತ್ತು ರೂಪಾಯಿಯ ಪೋಕರ್ ಮೇಜಿನಲ್ಲಿ ಕೂರುವವರೆಲ್ಲ ಆಟವರಿಯದವರು, ಲೆಕ್ಕ ಬಲ್ಲವನು ಅವರಿಂದ ದಿನವೂ ಗೆಲ್ಲಬಹುದು” ಎಂಬ ಮಾತನ್ನು ವಿದ್ಯಾರ್ಥಿಗಳು ಕೇಳಿರಬಹುದು. ಇದರಲ್ಲಿ ಸತ್ಯವೆಷ್ಟು? ನೀತಿಬೋಧೆಯನ್ನು ಬದಿಗಿರಿಸಿ, ಗಣಿತದಿಂದಲೇ ಪರೀಕ್ಷಿಸೋಣ.

ತಪ್ಪಿನ ಬೆಲೆ

1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು, ನಡುವೆಯೇ ನಿಂತುಹೋದ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆಂದು ಪತ್ರಗಳಲ್ಲಿ ಚರ್ಚಿಸಿದರು. ಸಂಭವನೀಯತಾಶಾಸ್ತ್ರಕ್ಕೆ ತಳಹದಿಯಾದುದು ಈ ಚರ್ಚೆ. ಪ್ರತಿಯೊಂದು ಫಲದ ಲಾಭನಷ್ಟವನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸಿದರೆ ದೊರೆಯುವ ಸರಾಸರಿಗೆ ‘ನಿರೀಕ್ಷಿತ ಮೌಲ್ಯ’ವೆಂದು ಹೆಸರು.

ಪೋಕರಿನ ಪ್ರಸಿದ್ಧ ಬಗೆಯೊಂದರಲ್ಲಿ ಪ್ರತಿ ಆಟಗಾರನಿಗೆ ಎರಡು ಗುಪ್ತ ಎಲೆಗಳು ದೊರೆಯುತ್ತವೆ. ಎಲ್ಲರಿಗೂ ಸಮಾನವಾದ ಐದು ಎಲೆಗಳನ್ನು ಮೇಜಿನ ಮೇಲೆ ಹಂತಹಂತವಾಗಿ ತೆರೆಯುತ್ತಾರೆ. ಹಂತಗಳ ನಡುವೆ ಪಣವೊಡ್ಡುತ್ತಾರೆ. ರಾಮನ ಕೈಯಲ್ಲಿ ಎರಡು ಆಟೀನು ಎಲೆಗಳಿವೆಯೆಂದೂ, ಮೇಜಿನ ಮೇಲೆ ತೆರೆದ ನಾಲ್ಕು ಎಲೆಗಳಲ್ಲಿ ಎರಡು ಆಟೀನು ಇವೆಯೆಂದೂ ಭಾವಿಸೋಣ. ಕೊನೆಯ ಎಲೆಯೂ ಆಟೀನಾದರೆ ರಾಮನಿಗೆ ಗೆಲುವು, ಇಲ್ಲವಾದರೆ ಭೀಮನಿಗೆ. ರಾಮನು ಕಾಣದ ಎಲೆಗಳು 52ರಲ್ಲಿ 46; ಅವುಗಳಲ್ಲಿ ಆಟೀನು 9. ಕಟ್ಟೆಯಲ್ಲಿ ಆಗಲೇ 20 ರೂಪಾಯಿ ಇದೆ. ಭೀಮನು ಮತ್ತೆ 20 ರೂಪಾಯಿ ಒಡ್ಡಿದ್ದಾನೆ. ರಾಮನು 20 ರೂಪಾಯಿ ಕೊಟ್ಟು ಮುಂದುವರಿಯಬೇಕೆ?

ಇಂತಹ ಸನ್ನಿವೇಶ 46 ಸಲ ಒದಗಿದರೆ, ರಾಮನು ಸರಾಸರಿ 9 ಸಲ 40 ರೂಪಾಯಿ ಗಳಿಸುತ್ತಾನೆ: ಒಟ್ಟು 360. ಉಳಿದ 37 ಸಲ 20 ರೂಪಾಯಿ ಕಳೆಯುತ್ತಾನೆ: ಒಟ್ಟು 740. ನಿವ್ವಳ ನಷ್ಟ 380 ರೂಪಾಯಿ. ಎಂದರೆ ಒಂದು ಸಲಕ್ಕೆ ಸುಮಾರು 8 ರೂಪಾಯಿ 26 ಪೈಸೆ. ಆಸೆಯಿಂದ ಮುಂದುವರಿಯುವ ರಾಮನು ಪ್ರತಿಸಲವೂ ಇಷ್ಟನ್ನು ಭೀಮನಿಗೆ ಸರಾಸರಿಯಾಗಿ ಒಪ್ಪಿಸುತ್ತಿರುತ್ತಾನೆ. ದುರ್ಬಲ ಎದುರಾಳಿಯಿಂದ ಬರುವ ಲಾಭವೆಂದರೆ ಇದೇ. ಈವರೆಗೆ ಆ ಮಾತು ನಿಜವೇ ಸರಿ.

ಮೂರನೆಯವನ ಪಾಲು

ಆದರೆ ಮೇಜಿನಲ್ಲಿ ಕಾಣದ ಮೂರನೆಯವನೊಬ್ಬನಿದ್ದಾನೆ. ಆಟ ನಡೆಸುವ ಸಂಸ್ಥೆಯು ಕಟ್ಟೆಯ ಹಣದಿಂದ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಆರು ಮಂದಿ ತಲಾ 200 ರೂಪಾಯಿ ತಂದು ಕುಳಿತರೆಂದೂ, ಪ್ರತಿ ಆಟಕ್ಕೆ ಸರಾಸರಿ 2 ರೂಪಾಯಿ ಮುರಿಯಲಾಗುತ್ತದೆಂದೂ, ಗಂಟೆಗೆ 60 ಆಟಗಳು ನಡೆಯುತ್ತವೆಂದೂ ಇಟ್ಟುಕೊಳ್ಳೋಣ. ಗಂಟೆಗೆ 120 ರೂಪಾಯಿ ಮೇಜನ್ನು ಬಿಟ್ಟು ಹೋಗುತ್ತದೆ. ಹೊಸ ಹಣ ಬಾರದಿದ್ದರೆ ಹತ್ತು ಗಂಟೆಗಳಲ್ಲಿ 1,200 ರೂಪಾಯಿಯೂ ತೀರಿತು! ಇದರಲ್ಲಿ ಜಾಣನಾರು, ದಡ್ಡನಾರು ಎಂಬ ಪ್ರಶ್ನೆಯೇ ಬರಲಿಲ್ಲ. ಕೇವಲ ಸರಿಸಮನಾಗಿ ಉಳಿಯಬೇಕಾದರೂ ಒಬ್ಬೊಬ್ಬನು ಗಂಟೆಗೆ 20 ರೂಪಾಯಿಯನ್ನು ಇತರರಿಂದ ಗೆಲ್ಲಬೇಕು. ದೊಡ್ಡ ಪಣದ ಆಟಗಳಲ್ಲಿ ಈ ಪಾಲಿಗೆ ಸಾಮಾನ್ಯವಾಗಿ ಒಂದು ಮಿತಿಯಿರುತ್ತದೆ. ಆದುದರಿಂದ ಅದರ ಹೊರೆ ಸಣ್ಣ ಪಣದವನ ಮೇಲೆಯೇ ಹೆಚ್ಚು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿಯೂ ದಲಾಲಿಯುಂಟಲ್ಲವೆ ಎಂದು ಕೇಳಬಹುದು. ವ್ಯತ್ಯಾಸವನ್ನು ಗಮನಿಸಿರಿ. ಅಲ್ಲಿ ರೈತನು ಹೊಲದಲ್ಲಿ ಬೆಳೆದ ಹೊಸ ಸಂಪತ್ತನ್ನು ತರುತ್ತಾನೆ. ಕಡುಗೆಂಪು ಬಣ್ಣದ ಆ ಕಾಯಿ ಕೊಂಡವನಿಗೆ ಬೇಕು, ಮಾರಿದವನಿಗೆ ಹಣ ಬೇಕು. ದಲಾಲಿ ಕೊಟ್ಟ ಮೇಲೆಯೂ ಇಬ್ಬರಿಗೂ ಲಾಭವಾಗಬಲ್ಲುದು. ಇಸ್ಪೀಟಿನ ಮೇಜಿನಲ್ಲಿ ಬೆಳೆಯುವ ವಸ್ತು ಯಾವುದೂ ಇಲ್ಲ. ಒಬ್ಬನ ಲಾಭ ಮತ್ತೊಬ್ಬನ ನಷ್ಟ. ಅದರ ಮೇಲೆ ಸಂಸ್ಥೆಯ ಪಾಲು ಬೇರೆ.

ದುರ್ಬಲನು ಯಾರು?

ಅತಿ ಮುಖ್ಯವಾದ ತೊಡಕು ಇನ್ನೊಂದಿದೆ. ನಾನು ಬಲಶಾಲಿಯೆಂದು ನನಗೆ ಗೊತ್ತಾಗುವುದು ಹೇಗೆ? ಪಾಲು ಮುರಿಯದ ಸರಳವಾದ ಆಟವೊಂದನ್ನು ಊಹಿಸೋಣ: ಪ್ರತಿ ಆಟಕ್ಕೆ ಪಣ 10 ರೂಪಾಯಿ, ಬಲ್ಲವನು ಗೆಲ್ಲುವ ಸಂಭವ ನೂರಕ್ಕೆ 51, ಎದುರಾಳಿಯದು 49. ನೂರು ಆಟಗಳಿಗೆ ಬಲ್ಲವನ ನಿರೀಕ್ಷಿತ ಲಾಭ 20 ರೂಪಾಯಿ ಮಾತ್ರ. ಅದೃಷ್ಟದ ಏರಿಳಿತದ ಅಳತೆಯಾದ ಮಾನಕ ವಿಚಲನೆಯಾದರೋ ಸುಮಾರು 100 ರೂಪಾಯಿ. ಲೆಕ್ಕ ಹಾಕಿದರೆ, ಇಂತಹ ನೂರು ಮಂದಿ ಬಲ್ಲವರಲ್ಲಿ ಸುಮಾರು 38 ಮಂದಿ ನೂರು ಆಟಗಳ ಕೊನೆಗೆ ನಷ್ಟದಲ್ಲಿರುತ್ತಾರೆ. ಹಾಗೆಯೇ ನೂರು ಮಂದಿ ದುರ್ಬಲರಲ್ಲಿ ಸುಮಾರು 38 ಮಂದಿ ಲಾಭದಲ್ಲಿರುತ್ತಾರೆ! ತಾವು ಜಾಣರೆಂದೂ ಎದುರಿನವರು ದಡ್ಡರೆಂದೂ ನಂಬಿ, ಶುಲ್ಕಕ್ಕೆಂದು ಮನೆಯಿಂದ ಬಂದ ಹಣವನ್ನು ಮತ್ತೆ ಹೂಡುವವರು ಬಹುಮಟ್ಟಿಗೆ ಇವರೇ. ಹತ್ತು ಸಾವಿರ ಆಟಗಳಾದ ಮೇಲೆ ಲಾಭದಲ್ಲಿ ಉಳಿಯುವ ದುರ್ಬಲರು ನೂರಕ್ಕೆ ಎರಡು ಮೂರು ಮಂದಿ ಮಾತ್ರ. ಯಾಕೋಬ್ ಬರ್ನೂಲಿಯ 1713ರ ಗ್ರಂಥದಲ್ಲಿ ಪ್ರಕಟವಾದ ಬೃಹತ್ ಸಂಖ್ಯೆಗಳ ನಿಯಮದ ತಾತ್ಪರ್ಯವಿದು: ಸತ್ಯವು ಹೊರಬೀಳುತ್ತದೆ, ಆದರೆ ತಡವಾಗಿ.

ಬೀಜೋತ್ಪಾದನೆಗೆ ಹೆಸರಾದ ರಾಣೇಬೆನ್ನೂರಿನವರಿಗೆ ಈ ತತ್ತ್ವ ಹೊಸದಲ್ಲ. ಹತ್ತು ಬೀಜಗಳು ಮೊಳೆತವೆಂದು ಯಾರೂ ಇಡೀ ರಾಶಿಯನ್ನು ಒಳ್ಳೆಯದೆನ್ನುವುದಿಲ್ಲ. ಪ್ರಯೋಗಾಲಯದ ಮೊಳಕೆ ಪರೀಕ್ಷೆಗೆ ಸಾಮಾನ್ಯವಾಗಿ 400 ಬೀಜಗಳನ್ನು ತೆಗೆದುಕೊಳ್ಳುತ್ತಾರೆ. ಬೀಜದಲ್ಲಿ ತೋರುವ ಈ ಎಚ್ಚರವನ್ನು ನಮ್ಮ ಬುದ್ಧಿಯ ವಿಷಯದಲ್ಲಿ ನಾವು ತೋರುವುದಿಲ್ಲ.

ಈ ಕುರಿತು ಕಾನೂನೂ ಹಲವು ತಿರುವುಗಳನ್ನು ಕಂಡಿದೆ. 2021ರಲ್ಲಿ ಕರ್ನಾಟಕವು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಪಡಿಸಿತು. ಬಳಿಕ ಸಂಸತ್ತು ಅಂಗೀಕರಿಸಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯಿದೆಯು, ಕೌಶಲದ ಆಟವಾಗಲಿ ಅದೃಷ್ಟದ ಆಟವಾಗಲಿ, ಹಣ ಹೂಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು ನಿಷೇಧಿಸಿತು. ಕಾನೂನು ಏನೇ ಇರಲಿ, ಲೆಕ್ಕವಂತೂ ಬದಲಾಗುವುದಿಲ್ಲ.

ಮಾಡಿ ನೋಡಿರಿ

ಆರು ಮಂದಿ ಗೆಳೆಯರು ತಲಾ ಇಪ್ಪತ್ತು ಹುಣಿಸೆ ಬೀಜಗಳನ್ನು ಹಿಡಿದು ಕುಳಿತು, ತಿಳಿದ ಯಾವುದಾದರೂ ಇಸ್ಪೀಟಿನ ಆಟವನ್ನು ಆಡಿರಿ. ಪ್ರತಿ ಆಟದಲ್ಲಿ ಗೆದ್ದವನು ಒಂದು ಬೀಜವನ್ನು ಬದಿಯ ಬಟ್ಟಲಿಗೆ ಹಾಕಲಿ. ಹತ್ತು ಆಟಗಳಿಗೊಮ್ಮೆ ಪ್ರತಿಯೊಬ್ಬನ ಬೀಜಗಳನ್ನೂ ಬಟ್ಟಲಿನ ಬೀಜಗಳನ್ನೂ ಎಣಿಸಿ ಬರೆದಿಡಿರಿ. ಆಟಗಾರರ ಬೀಜಗಳು ಏರುತ್ತ ಇಳಿಯುತ್ತ ಹೋಗುತ್ತವೆ. ಬಟ್ಟಲಿನವು ಏರುತ್ತಲೇ ಹೋಗುತ್ತವೆ. ನೂರಿಪ್ಪತ್ತು ಆಟಗಳವರೆಗೆ ಮುಂದುವರಿಸಿದರೆ ಎಲ್ಲ ಬೀಜಗಳೂ ಬಟ್ಟಲಿನಲ್ಲಿರುವುವು. ಋತುಪರ್ಣನು ಮರದ ಎಲೆಗಳನ್ನು ಎಣಿಸಿದನು. ನಾವು ಬಟ್ಟಲಿನ ಬೀಜಗಳನ್ನು ಎಣಿಸಿದರೆ ಸಾಕು.